ಗಿರಿರಾಜ, ಸ್ವರ್ಣಧಾರಾ, ಮನೆಯ ಮಿಶ್ರತಳಿ: ಹಿತ್ತಿಲಿಗೆ ಯಾವ ಮರಿ?

ಮೂರನ್ನೂ ಸಾಕಿ ನೋಡಿದ ಮೇಲೆ ನನ್ನ ಒಲವು ನಾಟಿ ಹೇಂಟೆಗೆ ಗಿರಿರಾಜ ಹುಂಜ ಬಿಟ್ಟು ಪಡೆದ ಮರಿಗಳ ಕಡೆಗೆ. ಶೆಡ್ಡು ಕಟ್ಟಿ ನೂರಾರು ಕೋಳಿ ಸಾಕುವವರ ಲೆಕ್ಕ ಬೇರೆ. ನನ್ನದು ಹಿತ್ತಿಲಿನ ಲೆಕ್ಕ.

ಗಿರಿರಾಜ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ತಳಿ. ಸ್ವರ್ಣಧಾರಾ ಆಮೇಲೆ, 2005ರಲ್ಲಿ ಬಂತು. ಮೊಟ್ಟೆಯೇ ಗುರಿಯಾದರೆ ಚರ್ಚೆಯೇ ಬೇಡ, ಸ್ವರ್ಣಧಾರಾ ತನ್ನಿ. ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಕೊಟ್ಟರೆ ಇದು 180ರ ಆಸುಪಾಸು ಕೊಡುತ್ತದೆ. ಮೈ ಸ್ವಲ್ಪ ಹಗುರ, ಹಾಗಾಗಿ ನಾಯಿ, ಮುಂಗುಸಿ ಕಂಡರೆ ಓಡಿಯಾದರೂ ಬದುಕುತ್ತದೆ. ಗಿರಿರಾಜ ತೂಕದಲ್ಲಿ ಗೆಲ್ಲುತ್ತದೆ, ಮೇವಿನ ಚೀಲವನ್ನೂ ಅಷ್ಟೇ ಬೇಗ ಬರಿದು ಮಾಡುತ್ತದೆ.

ಎರಡರದ್ದೂ ಕಷ್ಟ ಒಂದೇ: ತಂದ ಮರಿಗಳಿಗೆ ತಾಯಿ ಇಲ್ಲ. ಸುತ್ತ ರಟ್ಟು ಕಟ್ಟಿ, ಬಲ್ಬು ಉರಿಸಿ ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಕೊಡಬೇಕು, ಆಮೇಲೆ ವಾರವಾರವೂ ಮೂರು ಡಿಗ್ರಿಯಷ್ಟು ಇಳಿಸುತ್ತಾ ಬರಬೇಕು. ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡುವುದು ವಾಸಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಂಪುಗೂಡಿದರೆ ಚಳಿ, ರಟ್ಟಿನ ಅಂಚಿಗೆ ಸರಿದು ಕೊಕ್ಕು ತೆರೆದು ಏದುಸಿರು ಬಿಟ್ಟರೆ ಸೆಕೆ. ಹೊಟ್ಟಿನ ಮೇಲೆ ಹರಡಿಕೊಂಡು ಮಲಗಿದ್ದರೆ ನಿಮಗೂ ನಿದ್ದೆ ಸಿಕ್ಕೀತು. ಆದರೆ ರಾತ್ರಿ ಕರೆಂಟು ಹೋದರೆ?

ಮನೆಯ ಮಿಶ್ರತಳಿಯಲ್ಲಿ ಈ ಗೋಳಿಲ್ಲ. ನಾಟಿ ಹೇಂಟೆಯೇ 21 ದಿನ ಕಾವು ಕೂತು, ಮರಿಗಳನ್ನು ರೆಕ್ಕೆಯಡಿ ಬೆಚ್ಚಗಿಟ್ಟು, ಹದ್ದು ಸುಳಿದರೆ ಕೂಗಿ ಬಚ್ಚಿಡುತ್ತದೆ. ತಿಪ್ಪೆ ಕೆದಕಲು ಕಲಿಸುವುದೂ ಅದೇ. ಬಲ್ಬಿನ ಕೆಳಗೆ ಬೆಳೆದ ಗಿರಿರಾಜ ಮರಿಗಳು ಹಾಸ್ಟೆಲ್ ಮಕ್ಕಳಂತೆ ಊಟದ ತಟ್ಟೆ ಬರುವುದನ್ನೇ ಕಾಯುತ್ತವೆ. ಮಿಶ್ರ ಮರಿಗಳು ಅಮ್ಮನ ಹಿಂದೆ ಗೆದ್ದಲು ಹುಡುಕುತ್ತಾ ಅರ್ಧ ಹೊಟ್ಟೆ ತಾವೇ ತುಂಬಿಸಿಕೊಳ್ಳುತ್ತವೆ. ತೂಕದಲ್ಲಿ ಗಿರಿರಾಜನಿಗೆ ಸಮವಲ್ಲ, ನಾಟಿಗಿಂತ ಎಷ್ಟೋ ಮೇಲು. ಹೊಸತೊಡಕಿನ ಹೊತ್ತಿಗೆ ಹುಂಜಗಳನ್ನು ಕೊಳ್ಳಲು ಬಂದವರು ಕಾಲು, ಜುಟ್ಟು ನೋಡಿ ‘ಇದು ಪೂರ್ತಿ ನಾಟಿಯಲ್ಲ’ ಎಂದು ಚೌಕಾಸಿ ಮಾಡುತ್ತಾರೆ, ಕೊನೆಗೆ ಕೊಂಡೇ ಹೋಗುತ್ತಾರೆ.

ಕಷ್ಟಗಳೂ ಇವೆ. ಭಾರದ ಹುಂಜ ಹತ್ತಿ ಹತ್ತಿ ಸಣ್ಣ ಹೇಂಟೆಗಳ ಬೆನ್ನಿನ ಪುಕ್ಕ ಉದುರುತ್ತದೆ, ಕೆಲವೊಮ್ಮೆ ಚರ್ಮವೂ ಸುಲಿಯುತ್ತದೆ. ಹುಂಜವನ್ನು ಸಂಜೆ ಬೇರೆ ಗೂಡಿಗೆ ಹಾಕಿ, ಮುಳ್ಳುಗಾಲಿನ ತುದಿಯನ್ನು ಉಜ್ಜಿ ಮೊಂಡು ಮಾಡಬೇಕು. ಉಲ್ಟಾ ಜೋಡಿಯನ್ನೂ, ಅಂದರೆ ನಾಟಿ ಹುಂಜ ಮತ್ತು ಗಿರಿರಾಜ ಹೇಂಟೆಯನ್ನೂ ನೋಡಿದ್ದೇನೆ. ಮೊಟ್ಟೆ ಹೆಚ್ಚು, ಆದರೆ ಆ ಹೇಂಟೆ ಕಾವಿಗೆ ಕೂರುವುದಿಲ್ಲ. ನಾಟಿಯ ಕೆಳಗಿಟ್ಟರೆ ತನ್ನವೇ ಹನ್ನೆರಡು ಮೊಟ್ಟೆ ಮುಚ್ಚುವ ಹೇಂಟೆಗೆ ಈ ದಪ್ಪ ಮೊಟ್ಟೆಗಳಲ್ಲಿ ಎಂಟೊಂಬತ್ತೇ ಹಿಡಿಸುತ್ತವೆ.

ಮಿಶ್ರ ಹುಂಜವನ್ನು ಮಾತ್ರ ತಳಿಗೆ ಇಟ್ಟುಕೊಳ್ಳಬೇಡಿ. ಮುಂದಿನ ಪೀಳಿಗೆಯಲ್ಲಿ ಒಂದು ಮರಿ ದಢೂತಿ, ಇನ್ನೊಂದು ಪೀಚು. ಗಿರಿರಾಜ, ಸ್ವರ್ಣಧಾರಾಗಳೂ ಮಿಶ್ರತಳಿಗಳೇ ಆದ್ದರಿಂದ ಅವುಗಳ ಮರಿಗಳ ಮರಿಗೂ ಇದೇ ಮಾತು. ಹುಂಜವನ್ನು ಹೊರಗಿನಿಂದಲೇ ತರಬೇಕು.

ಇನ್ನು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಎಂಬ ಅಂಟುರೋಗ. ನಾಟಿ ರಕ್ತ ಇದೆಯೆಂದು ಲಸಿಕೆ ಬಿಟ್ಟವರ ಗೂಡು ಒಂದೇ ವಾರದಲ್ಲಿ ಖಾಲಿಯಾಗಬಹುದು. ಐದರಿಂದ ಏಳನೇ ದಿನದೊಳಗೆ ಲಸೋಟಾ ಎಂಬ ಲಸಿಕೆಯ ಹನಿಯನ್ನು ಕಣ್ಣಿಗೋ ಮೂಗಿಗೋ ಬಿಡಬೇಕು, ಎಂಟನೇ ವಾರಕ್ಕೆ ಚುಚ್ಚುಮದ್ದು. ಸೀಸೆಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಮದ್ದಿರುತ್ತದೆ, ತೆರೆದ ಮೇಲೆ ಉಳಿಯುವುದಿಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನ ಹಾಕಿಸಿದರೆ ಖರ್ಚೂ ಹಂಚಿಹೋಗುತ್ತದೆ.