ನೀರಿಲ್ಲದ ಟ್ರ್ಯಾಪ್, ತೆಂಗಿನೆಣ್ಣೆ ಮತ್ತು ನಮ್ಮ ವ್ಯಾನಿನ ವಾಸನೆ: ಮೂರು ವರ್ಷ ಬಳಸಿದ ಮೇಲೆ

ಇದು ಹೆಪ್ವೊ ಎಂಬ ನೀರಿಲ್ಲದ ಟ್ರ್ಯಾಪಿನ, ಅಂದರೆ ಕೊಳಕು ನೀರಿನ ವಾಸನೆ ಸಿಂಕಿನಿಂದ ಮೇಲೆ ಬಾರದ ಹಾಗೆ ಪೈಪಿನಲ್ಲಿ ಕೂರಿಸುವ ತಡೆಯ, ವಿಮರ್ಶೆ. ಆದರೆ ಅದೊಂದನ್ನು ಹಾಕಿದರೆ ಸಾಕು, ಕ್ಯಾಂಪರ್ ವ್ಯಾನಿನ ಗಬ್ಬು ವಾಸನೆ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮಲ್ಲಿ ಅರ್ಧ ಹೋಯಿತು. ಉಳಿದರ್ಧಕ್ಕೆ ಬೇರೆ ಬೇರೆ ಕಡೆ ಕೈ ಹಾಕಬೇಕಾಯಿತು, ಅದನ್ನೂ ಬರೆಯುತ್ತೇನೆ.

ನಮ್ಮದು ಕಾಸರಗೋಡಿನ ಬದಿಯಡ್ಕದ ಕಡೆ ಅಡಿಕೆ ತೋಟ. ಹಳೆಯ ಫೋರ್ಸ್ ಟ್ರಾವೆಲರ್ ಒಂದನ್ನು ಕೊಂಡು, ದೂರದ ಊರಿನ ಒಂದು ಗ್ಯಾರೇಜಿನಲ್ಲಿ ಕ್ಯಾಂಪರ್ ಮಾಡಿಸಿದೆವು. ಮಲಗಲು ನಾಲ್ಕು ಜನಕ್ಕೆ ಜಾಗ, ಒಂದು ಸಿಂಕು, ಪುಟ್ಟ ಬಚ್ಚಲು, ಟಾಯ್ಲೆಟ್ಟು. ಟಾಯ್ಲೆಟ್ಟಿಗೆ 60 ಲೀಟರಿನ ಬ್ಲ್ಯಾಕ್ ಟ್ಯಾಂಕ್. ಸಿಂಕು, ಬಚ್ಚಲಿನ ನೀರಿಗೆ 80 ಲೀಟರಿನ ಗ್ರೇ ಟ್ಯಾಂಕ್. ನೋಡಲು ಚಂದವೇ ಉಂಟು. ಮೊದಲ ಸಲ ಬೇಕಲಕ್ಕೆ ಹೋದೆವು. ಹೆದ್ದಾರಿ 66ರ ಕೆಲಸ ನಡೆಯುತ್ತಿದ್ದ ಕಾಲ. ಹೊಂಡ, ತಿರುವು, ಮತ್ತೆ ಹೊಂಡ. ಕೋಟೆ ಕಾಣುವ ಹೊತ್ತಿಗೆ ಹಿಂದಿನ ಸೀಟಿನಿಂದ ಅತ್ತೆ ಸೆರಗು ಮೂಗಿಗೆ ಹಿಡಿದು, "ಇದಕ್ಕಿಂತ ನಮ್ಮ ಹಟ್ಟಿಯೇ ಆಗಬಹುದಿತ್ತು ಮಾರಾಯ" ಅಂದರು.

ಗ್ಯಾರೇಜಿಗೆ ಫೋನ್ ಮಾಡಿದರೆ, "ಏರ್ ಫ್ರೆಶ್ನರ್ ಇಡಿ ಸಾರ್" ಅಂದರು. ಇಟ್ಟೆ. ಮಲ್ಲಿಗೆಯೂ ಚರಂಡಿಯೂ ಕೂಡಿದ ವಾಸನೆ ಹೇಗಿರುತ್ತದೆ ಅಂತ ನನಗೀಗ ಗೊತ್ತು.

ಕಾರಣ ತುಂಬ ಸರಳ. ಮನೆಯ ಸಿಂಕಿನ ಕೆಳಗೆ ಬಾಗಿದ ಪೈಪು ಇರುತ್ತದೆ ಅಲ್ವಾ, ಪಿ-ಟ್ರ್ಯಾಪ್, ಗ್ಯಾರೇಜಿನವರು ಅದನ್ನೇ ಹಾಕಿದ್ದರು. ಆ ಬಾಗಿನಲ್ಲಿ ನಿಂತ ಎರಡು ಇಂಚು ನೀರೇ ಬಾಗಿಲು. ಕೆಳಗಿನ ಗಾಳಿ ಅದನ್ನು ದಾಟಿ ಮೇಲೆ ಬರುವುದಿಲ್ಲ. ಆದರೆ ಮನೆ ಕುಣಿಯುವುದಿಲ್ಲ, ವ್ಯಾನ್ ಕುಣಿಯುತ್ತದೆ. ನಾಲ್ಕು ಹಂಪು ಹಾರಿದರೆ ಆ ನೀರು ಚೆಲ್ಲಿ ಟ್ಯಾಂಕಿಗೆ ಹೋಗುತ್ತದೆ. ಏಪ್ರಿಲ್ ಬಿಸಿಲಿಗೆ ವಾರಗಟ್ಟಲೆ ನಿಲ್ಲಿಸಿದರೆ ಆವಿಯಾಗಿ ಹೋಗುತ್ತದೆ. ಆಮೇಲೆ ಟ್ಯಾಂಕಿಗೂ ನಿಮ್ಮ ಹಾಸಿಗೆಗೂ ನಡುವೆ ಏನೂ ಇಲ್ಲ.

ಹೆಪ್ವೊದಲ್ಲಿ ಈ ನೀರಿನ ಕೆಲಸವನ್ನು ಸಿಲಿಕೋನ್ ಮಾಡುತ್ತದೆ. ನೇರವಾದ ಒಂದು ಪೈಪು, ಒಳಗೆ ಚಪ್ಪಟೆಯಾಗಿ ಮಡಚಿಕೊಂಡ ಮೆತ್ತನೆಯ ಕೊಳವೆ. ಮೇಲಿಂದ ನೀರು ಬಿದ್ದರೆ ಬಾಯಿ ಬಿಡುತ್ತದೆ, ನೀರು ನಿಂತರೆ ಮುಚ್ಚಿಕೊಳ್ಳುತ್ತದೆ. ಕೆಳಗಿನ ಗಾಳಿ ಒತ್ತಿದಷ್ಟೂ ಬಿಗಿಯಾಗುತ್ತದೆ. ಅಡ್ಡವಾಗಿಯೂ ಹಾಕಬಹುದು, ನೆಟ್ಟಗೂ ಹಾಕಬಹುದು. ಸಿಂಕಿನ ಕೆಳಗೆ ಜಾಗವೂ ಉಳಿಯುತ್ತದೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದೆ, ಸಿಗಲಿಲ್ಲ. ಕಾಸರಗೋಡಿನವರಿಗೆ ಆ ಚಿಂತೆ ಬೇಡ, ಮನೆಗೊಬ್ಬರು ಗಲ್ಫಿನಲ್ಲಿ ಇರುತ್ತಾರೆ. ದುಬೈಯ ಭಾವ ರಜೆಗೆ ಬರುವಾಗ ಖರ್ಜೂರದ ಜೊತೆ ಒಂದು ತಂದುಕೊಟ್ಟ. ಬೆಲೆ ಮಾತ್ರ ಸಾದಾ ಟ್ರ್ಯಾಪಿನ ಹತ್ತು ಪಟ್ಟಿಗಿಂತ ಜಾಸ್ತಿ.

ಕೂರಿಸುವಾಗ ಎರಡು ಪೆಟ್ಟು ತಿಂದೆ. ಒಂದು, ಇಲ್ಲಿನ ಪೈಪಿನ ಅಳತೆಗೂ ಅದಕ್ಕೂ ಸರಿ ಹೊಂದಲಿಲ್ಲ, ನಡುವೆ ರಬ್ಬರ್ ಕಪ್ಲಿಂಗ್ ಕೊಟ್ಟು ಕ್ಲಿಪ್ ಬಿಗಿಯಬೇಕಾಯಿತು. ಇನ್ನೊಂದು ಶುದ್ಧ ನನ್ನ ತಪ್ಪು. ಮೈಮೇಲೆ ಬಾಣದ ಗುರುತು ಉಂಟು, ನೀರು ಹರಿಯುವ ದಿಕ್ಕಿಗೆ. ನಾನು ತಿರುಗಿಸಿ ಹಾಕಿದೆ. ಸಿಂಕಿನಲ್ಲಿ ನೀರು ತುಂಬಿ ನಿಂತಿತು. "ವಾಸನೆಯೂ ಬರುವುದಿಲ್ಲ, ನೀರೂ ಹೋಗುವುದಿಲ್ಲ, ಭಾರೀ ಒಳ್ಳೆಯ ವಸ್ತು" ಅಂತ ಹೆಂಡತಿಯಿಂದ ಸರ್ಟಿಫಿಕೇಟ್ ಸಿಕ್ಕಿತು. ಬಿಚ್ಚಿ ಸರಿ ಮಾಡಿದ ಮೇಲೆ ಈ ಮೂರು ವರ್ಷದಲ್ಲಿ ಅಲ್ಲಿಂದ ಒಂದು ದಿನವೂ ವಾಸನೆ ಬಂದಿಲ್ಲ. ಒಂದು ಸಲ ಬಿಟ್ಟು.

ಆ ಒಂದು ಸಲದ ಕತೆ ಹೇಳಬೇಕು. ಜನವರಿಯಲ್ಲಿ ಊಟಿಗೆ ಹೊರಟಿದ್ದೆವು. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಬಂದ್. ನಾವು ತಡವಾಗಿ ಗುಂಡ್ಲುಪೇಟೆಯಲ್ಲೇ ಉಳಿದೆವು. ಅಲ್ಲಿ ಚಳಿ ಅಂತ ಕಿಟಕಿ ಹಾಕಿದೆವು, ಮರುದಿನ ಊಟಿಯಲ್ಲಂತೂ ತೆಗೆಯುವ ಮಾತೇ ಇಲ್ಲ. ಎರಡನೆಯ ರಾತ್ರಿ ಸಿಂಕಿನಿಂದ ಮತ್ತೆ ಅದೇ ವಾಸನೆ, ನೀರೂ ನಿಧಾನ. ಬಿಚ್ಚಿ ನೋಡಿದರೆ ಸಿಲಿಕೋನಿನ ತುಟಿಗಳ ನಡುವೆ ಬಿಳಿ ಮೇಣದ ಹಾಗೆ ಏನೋ ಕೂತಿತ್ತು. ತೆಂಗಿನೆಣ್ಣೆ! ನಮ್ಮ ಊರಿನ ಸೆಕೆಗೆ ಅದು ಹೆಚ್ಚು ಕಡಿಮೆ ಸದಾ ನೀರಾಗಿಯೇ ಇರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ. ಒಗ್ಗರಣೆ ಬಾಣಲೆ ತೊಳೆದ ನೀರೆಲ್ಲ ಅಲ್ಲಿ ಹೆಪ್ಪುಗಟ್ಟಿ ಬಾಯಿ ಪೂರ್ತಿ ಮುಚ್ಚದ ಹಾಗೆ ಮಾಡಿತ್ತು. ಬಿಸಿನೀರು ಸುರಿದರೆ ಕರಗಿತು. ಇದು ಟ್ರ್ಯಾಪಿನ ದೋಷವಲ್ಲ, ನಮ್ಮ ಅಡುಗೆಯದ್ದು. ಈಗ ಬಾಣಲೆಯನ್ನು ಮೊದಲು ಹಳೆಯ ಪೇಪರಿನಲ್ಲಿ ಒರೆಸುತ್ತೇವೆ, ಆಮೇಲೆ ತೊಳೆಯುತ್ತೇವೆ. ಗ್ರೇ ಟ್ಯಾಂಕಿನ ನಾತಕ್ಕೂ ಅರ್ಧ ಕಾರಣ ಎಣ್ಣೆ, ಅನ್ನದ ಅಗುಳು. ಬ್ಲ್ಯಾಕ್ ಟ್ಯಾಂಕಿನದ್ದೇ ಕಿತಾಪತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೂರು ದಿನ ಬಿಟ್ಟ ಪಾತ್ರೆ ತೊಳೆದ ನೀರಿನ ಮುಂದೆ ಅದು ಸಾಧು.

ಸಿಂಕು ಸರಿಯಾದರೂ ಟಾಯ್ಲೆಟ್ಟಿನ ಕಡೆಯ ವಾಸನೆ ಉಳಿಯಿತು. ಎಲ್ಲಿಂದ ಅಂತ ಮೂಗಿನಿಂದ ಹುಡುಕಲು ಆಗುವುದಿಲ್ಲ. ಹತ್ತು ನಿಮಿಷ ಒಳಗೆ ಕೂತರೆ ಮೂಗು ಒಗ್ಗಿಹೋಗುತ್ತದೆ. ಕೊನೆಗೆ ಊದುಬತ್ತಿ ಹಿಡಿದೆ. ಟ್ಯಾಂಕು ಎರಡೂ ಖಾಲಿ ಮಾಡಿ ತೊಳೆದು, ಗ್ಯಾಸ್ ಸಿಲಿಂಡರ್ ಹೊರಗಿಟ್ಟು, ಕಿಟಕಿ ಬಾಗಿಲು ಮುಚ್ಚಿ, ಮಾಡಿನ ಎಕ್ಸಾಸ್ಟ್ ಫ್ಯಾನ್ ಹಾಕಿದೆ. ಬತ್ತಿಯನ್ನು ಒಂದೊಂದೇ ತೂತಿನ ಬಳಿ ಹಿಡಿದೆ. ಸಿಂಕಿನಲ್ಲಿ ಹೊಗೆ ಅಲುಗಲಿಲ್ಲ. ಬಚ್ಚಲಿನ ತೂತಿನಲ್ಲಿ ಸ್ವಲ್ಪ ಮೇಲೆದ್ದಿತು. ಕಮೋಡಿನ ಒಳಗೆ ಹಿಡಿದರೆ ಹೊಗೆ ಮುಖಕ್ಕೇ ಬಂತು.

ಆಗ ಎರಡು ವಿಷಯ ಹೊಳೆಯಿತು. ಮೊದಲನೆಯದು ಫ್ಯಾನ್. ವಾಸನೆ ಬಂದ ಕೂಡಲೇ ನಾವು ಮಾಡುತ್ತಿದ್ದದ್ದೇ ಅದು, ಫ್ಯಾನ್ ಹಾಕುವುದು. ಅದು ಒಳಗಿನ ಗಾಳಿ ಹೊರಗೆ ತಳ್ಳಿದರೆ, ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಬೇಕು. ಕಿಟಕಿ ಮುಚ್ಚಿದ್ದರೆ ಎಲ್ಲಿಂದ? ಟ್ಯಾಂಕಿನಿಂದ! ಈಗ ಒಂದು ಕಿಟಕಿ ಎರಡು ಬೆರಳಿನಷ್ಟು ತೆರೆಯದೆ ಫ್ಯಾನ್ ಹಾಕುವುದಿಲ್ಲ. ಫ್ಲಶ್ ಮಾಡುವಾಗ ಫ್ಯಾನ್ ಬಂದ್. ಒಂದು ಪೈಸೆ ಖರ್ಚಿಲ್ಲದೆ ಅರ್ಧ ತಲೆನೋವು ಹೋಯಿತು.

ಎರಡನೆಯದು ಕಮೋಡಿನ ಅಡಿಯ ರಬ್ಬರ್ ಸೀಲ್. ಬಟ್ಟಲಿನ ತಳದಲ್ಲಿ ಸರಿದು ಮುಚ್ಚುವ ಹಲಗೆಯ ಸುತ್ತ ಇರುವುದು. ಅದು ಒಣಗಿ ಬಿರಿದಿತ್ತು. ಯಾಕೆ ಅಂತ ಕೇಳಿದರೆ ನಾವೇ. ಮನೆಯ ಅಭ್ಯಾಸದಲ್ಲಿ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿಯುತ್ತಿದ್ದೆವು. ಬದಲಿಸಿ, ಸಿಲಿಕೋನ್ ಗ್ರೀಸ್ ಸವರಿದೆ. ಈಗ ಎರಡು ತಿಂಗಳಿಗೊಮ್ಮೆ ಸವರುತ್ತೇನೆ. ಬಟ್ಟಲಿನಲ್ಲಿ ಸದಾ ಒಂದು ಲೋಟ ನೀರು ನಿಂತಿರಬೇಕು. ನಿಲ್ಲದೆ ಇಳಿದುಹೋದರೆ ಸೀಲ್ ಹೋಗಿದೆ ಅಂತಲೇ ಲೆಕ್ಕ. ಇನ್ನೊಂದು ಎಚ್ಚರಿಕೆ: ಆಸಿಡ್ ಸುರಿದ ಜಾಗಕ್ಕೆ ಯಾವತ್ತೂ ಬ್ಲೀಚಿಂಗ್ ಪುಡಿ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಷ್ಟು ಸಣ್ಣ ಕೋಣೆಯಲ್ಲಿ ಅದು ತಮಾಷೆಯಲ್ಲ.

ಟ್ಯಾಂಕಿಗೆ ಹಾಕುವ ನೀಲಿ ದ್ರವದ ಬಗ್ಗೆ ತುಂಬ ಜನ ಕೇಳುತ್ತಾರೆ. ಮೊದಲ ವರ್ಷ ಬಳಸಿದೆ. ವಾಸನೆ ತಡೆಯುತ್ತದೆ, ನಿಜ. ಇಂಥವುಗಳಲ್ಲಿ ಎಷ್ಟೋ ಫಾರ್ಮಾಲ್ಡಿಹೈಡ್ ಇರುವಂಥವು, ಸೂಕ್ಷ್ಮಜೀವಿಗಳನ್ನು ಕೊಂದು ಕೆಲಸ ಮಾಡುತ್ತವೆ. ಆದರೆ ನಮ್ಮ ವ್ಯಾನ್ ಖಾಲಿಯಾಗುವುದು ಮನೆಯ ಸೆಪ್ಟಿಕ್ ಟ್ಯಾಂಕಿಗೆ, ಅದು ನಡೆಯುವುದೇ ಆ ಜೀವಿಗಳಿಂದ. ಅದಕ್ಕಿಂತ ದೊಡ್ಡ ಚಿಂತೆ ನೀರಿನದು. ನಮ್ಮ ಕುಡಿಯುವ ನೀರು ಸುರಂಗದ್ದು. ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಹನಿಹನಿಯಾಗಿ ಬರುವ ನೀರು ಅದು. ಮೇಲಿನ ಮಣ್ಣಿಗೆ ಇಂಗಿದ್ದು ಕೆಳಗೆ ಬಂದೇ ಬರುತ್ತದೆ. ಬಾಟಲಿ ಮುಗಿದ ಮೇಲೆ ಮತ್ತೆ ತರಲಿಲ್ಲ. ಈಗ ಬ್ಯಾಕ್ಟೀರಿಯಾ-ಕಿಣ್ವದ ಪುಡಿ. ನೀಲಿಯಷ್ಟು ಬೇಗ ಕೆಲಸ ಮಾಡುವುದಿಲ್ಲ. ಧಾರಾಳ ನೀರು ಬೇಕು, ಫಿನೈಲ್ ತಾಗಿಸಬಾರದು. ಖಾಲಿ ಮಾಡಿದ ಕೂಡಲೇ ಎಂಟು ಲೀಟರ್ ನೀರು ಸುರಿದು ಪುಡಿ ಹಾಕಿಡುತ್ತೇನೆ. ನೀರು ಉಳಿಸಲು ಹೋಗಿ ವಾಸನೆ ತಂದುಕೊಂಡವರನ್ನು ನೋಡಿದ್ದೇನೆ.

ವ್ಯಾನ್ ಮನೆಯಲ್ಲಿ ನಿಂತಾಗ ಪೈಪನ್ನು ಸೆಪ್ಟಿಕ್ಕಿಗೆ ಜೋಡಿಸಿ ವಾಲ್ವ್ ತೆರೆದಿಟ್ಟರೆ ಸುಲಭ ಅಂತ ನಾನೂ ಬುದ್ಧಿವಂತಿಕೆ ಮಾಡಿದ್ದೆ. ನೀರೆಲ್ಲ ಹರಿದುಹೋಯಿತು, ಗಟ್ಟಿಯಾದದ್ದು ಗುಡ್ಡೆಯಾಗಿ ಕೂತಿತು, ಮೇಲಿಂದ ಸೆಪ್ಟಿಕ್ ಟ್ಯಾಂಕಿನ ಗಾಳಿಯೂ ವ್ಯಾನಿಗೆ ಹತ್ತಿತು. ಆ ಗುಡ್ಡೆಯನ್ನು ಕರಗಿಸಿದ ಮೂರು ದಿನಗಳ ವಿವರ ಬೇಡ, ನೀವು ಊಟ ಮಾಡುತ್ತಿರಬಹುದು. ವಾಲ್ವ್ ಮುಚ್ಚಿಡಿ. ಮುಕ್ಕಾಲು ತುಂಬಿದ ಮೇಲೆ ಒಮ್ಮೆಗೇ ಬಿಡಿ. ದಾರಿಯಲ್ಲಿ ಖಾಲಿ ಮಾಡಲು ನಮ್ಮ ದೇಶದಲ್ಲಿ ಸರಿಯಾದ ವ್ಯವಸ್ಥೆ ಎಲ್ಲೂ ಕಾಣಲಿಲ್ಲ. ಉಳಿದುಕೊಳ್ಳುವ ಹೋಂಸ್ಟೇಯವರನ್ನು ಮೊದಲೇ ಕೇಳಿ ಅವರ ಸೆಪ್ಟಿಕ್ಕಿಗೆ ಬಿಡುತ್ತೇವೆ. ತೋಡಿಗೆ ಬಿಡುವವರೂ ಇದ್ದಾರೆ, ಅವರಿಗೆ ನಮಸ್ಕಾರ.

ಮಾಡಿನ ಮೇಲಿನ ವೆಂಟ್ ಪೈಪು ಮರೆಯಬೇಡಿ. ಆಟಿ ತಿಂಗಳಲ್ಲಿ ವ್ಯಾನ್ ಶೆಡ್ಡಿನೊಳಗೆ ಟಾರ್ಪಾಲು ಹೊದ್ದು ಮಲಗಿರುತ್ತದೆ. ಒಂದು ವರ್ಷ ಮಳೆ ಮುಗಿದು ನೋಡಿದರೆ ಕುಂಬಾರ ಹುಳ ಪೈಪಿನ ಬಾಯಿಗೇ ಮಣ್ಣಿನ ಮನೆ ಕಟ್ಟಿತ್ತು. ಮೇಲೆ ಹೋಗಬೇಕಾದ ಗಾಳಿ ಫ್ಲಶ್ ಮಾಡಿದಾಗಲೆಲ್ಲ ಕೆಳಗೆ ಬರುತ್ತಿತ್ತು. ಈಗ ಸ್ಟೀಲ್ ಜಾಲರಿ ಕಟ್ಟಿದ್ದೇನೆ. ಗಾಳಿಗೆ ತಿರುಗುವ ಟೋಪಿಯೂ ಹಾಕಿದೆ, ಅದರಿಂದ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಸುಮ್ನೆ ಚಂದಕ್ಕೆ ಉಂಟು.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಟಾಯ್ಲೆಟ್ಟನ್ನೇ ಬೈಯಬೇಡಿ. ಆಸಿಡ್ ಬ್ಯಾಟರಿ ಜಾಸ್ತಿ ಚಾರ್ಜ್ ಆಗಿ ಕಾದರೆ ಅದೇ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಅಡುಗೆ ಗ್ಯಾಸಿಗೆ ಬೆರೆಸುವ ವಾಸನೆಯೂ ಅದರ ತಮ್ಮನೇ. ನಾನು ಮೊದಲು ಸಿಲಿಂಡರ್, ಆಮೇಲೆ ಬ್ಯಾಟರಿ, ಕೊನೆಗೆ ಟ್ಯಾಂಕು ನೋಡುತ್ತೇನೆ.

ಹೆಪ್ವೊಗೆ ಐದರಲ್ಲಿ ನಾಲ್ಕು. ಇಲ್ಲೇ ಸಿಗುವ ಹಾಗಿದ್ದು, ನಮ್ಮ ಪೈಪಿಗೆ ಹೊಂದುವ ಹಾಗಿದ್ದರೆ ಐದೇ ಕೊಡುತ್ತಿದ್ದೆ. ಬಚ್ಚಲಿಗೂ ಒಂದು ಹಾಕುವ ಆಸೆ ಇತ್ತು, ಆದರೆ ನೆಲದ ಕೆಳಗೆ ಚಾಸಿಯ ಕಬ್ಬಿಣ ಅಡ್ಡ ಬಂತು. ಅಲ್ಲಿ ನೆಲದ ತೂತಿಗೆ ಹಾಕುವ, ನೀರು ನಿಲ್ಲುವ ಹಳೆಯ ನಹಾನಿ ಟ್ರ್ಯಾಪೇ ಉಂಟು. ವ್ಯಾನ್ ನಿಲ್ಲಿಸಿಡುವ ಮೊದಲು ಅದಕ್ಕೆ ಒಂದು ಚೊಂಬು ನೀರು, ಮೇಲೆ ನಾಲ್ಕು ಚಮಚ ತೆಂಗಿನೆಣ್ಣೆ. ಎಣ್ಣೆ ತೇಲಿ ನಿಂತರೆ ನೀರು ಬೇಗ ಆರುವುದಿಲ್ಲ. ಸಿಂಕಿಗೆ ಒಂದು ತೊಟ್ಟು ಬೀಳಬಾರದು, ಬಚ್ಚಲಿಗೆ ನಾಲ್ಕು ಚಮಚವಾ ಅಂತ ಹೆಂಡತಿ ಪ್ರತಿ ಸಲ ಕೇಳುತ್ತಾಳೆ.