ಉಪ್ಪಾಗೆ ಸಿಪ್ಪೆಗೆ ಎನ್‌ಎಂಆರ್ ಪರೀಕ್ಷೆ: ಮೂರು ಮಳೆಗಾಲದ ಅನುಭವ

ಶಿರಸಿಯಲ್ಲಿ ನಮ್ಮದು ಉಪ್ಪಾಗೆ ಎಂಬ ಹುಳಿಹಣ್ಣಿನ ಸಿಪ್ಪೆಯಿಂದ ಸತ್ವ ತೆಗೆಯುವ ಸಣ್ಣ ಘಟಕ. ಅದರಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ (ಎಚ್‌ಸಿಎ) ಎಷ್ಟಿದೆ ಎಂಬುದರ ಮೇಲೆ ನಮ್ಮ ದರ ನಿಂತಿದೆ. ಮೂರು ಹಂಗಾಮಿನಿಂದ ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಎನ್‌ಎಂಆರ್ ಪರೀಕ್ಷೆಗೆ (ಬಲವಾದ ಅಯಸ್ಕಾಂತದ ನಡುವೆ ರೇಡಿಯೊ ಅಲೆ ಹಾಯಿಸಿ ಯಾವ ಅಣು ಎಷ್ಟಿದೆ ಎಂದು ನೋಡುವ ವಿಧಾನ) ಸ್ಯಾಂಪಲ್ ಕಳಿಸುತ್ತಿದ್ದೇನೆ. ದುಡ್ಡು ಜಾಸ್ತಿಯೇ, ಆದರೂ ಬಿಡುವ ಮನಸ್ಸಿಲ್ಲ.

ಮೊದಲು ಟೈಟ್ರೇಶನ್ (ಕ್ಷಾರ ಹನಿಸಿ ಹುಳಿ ಅಳೆಯುವುದು) ಒಂದನ್ನೇ ನಂಬಿದ್ದೆವು. ಅದು ಸಿಟ್ರಿಕ್, ಮ್ಯಾಲಿಕ್ ಎನ್ನದೆ ಹುಳಿಯನ್ನೆಲ್ಲ ಒಟ್ಟಿಗೆ ಎಣಿಸುತ್ತದೆ. ಬಿಸಿ ತಾಗಿದ ಎಚ್‌ಸಿಎ ಒಂದು ನೀರಿನ ಅಣು ಕಳೆದುಕೊಂಡು ಲ್ಯಾಕ್ಟೋನ್ ಆಗುತ್ತದೆ, ಅದೂ ಆ ಲೆಕ್ಕದಲ್ಲೇ ಸೇರಿಹೋಗುತ್ತದೆ. ಕೊಳ್ಳುವವರು ಕೇಳುವುದು ಆಮ್ಲವನ್ನು, ಲ್ಯಾಕ್ಟೋನನ್ನಲ್ಲ. ಎನ್‌ಎಂಆರ್ ಹಾಳೆಯಲ್ಲಿ ಎರಡೂ ಬೇರೆ ಬೇರೆ ಗೆರೆಗಳಾಗಿ ಎದ್ದು ನಿಲ್ಲುತ್ತವೆ. ನಮ್ಮಲ್ಲಿ ಹಣ್ಣು ಬೀಳುವುದೇ ಜಡಿಮಳೆಯಲ್ಲಿ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯದಿದ್ದರೆ ಸಿಪ್ಪೆ ಬೂಷ್ಟು ಹಿಡಿಯುತ್ತದೆ. ಯಾರ ಮನೆಯ ಬೆಂಕಿ ಜೋರಾಯಿತು ಎಂದು ಈಗ ಅಂದಾಜಿನ ಮೇಲೆ ಹೇಳಬೇಕಾಗಿಲ್ಲ.

ಹೋಲಿಕೆಗೆ ಶುದ್ಧ ಎಚ್‌ಸಿಎಯೇ ಬೇಕೆಂದಿಲ್ಲ. ಗೆರೆಯ ಅಡಿಯ ವಿಸ್ತೀರ್ಣ ಹೈಡ್ರೋಜನ್‌ಗಳ ಸಂಖ್ಯೆಗೆ ತಕ್ಕಂತೆ ಇರುತ್ತದೆ. ತೂಗಿ ಹಾಕಿದ ಮ್ಯಾಲಿಯಿಕ್ ಆಮ್ಲದ (ಇದು ಮ್ಯಾಲಿಕ್ ಅಲ್ಲ, ಬೇರೆ) ಎರಡು ಹೈಡ್ರೋಜನ್‌ಗಳು 6.3 ಪಿಪಿಎಂ (ಹಾಳೆಯಲ್ಲಿ ಗೆರೆಯ ಜಾಗ ಹೇಳುವ ಅಳತೆ) ಹತ್ತಿರ ಒಂಟಿ ಗೆರೆ ಕೊಡುತ್ತವೆ, ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ.

ಮೊದಲ ವರ್ಷ ಪೆಟ್ಟು ತಿಂದದ್ದೂ ಅಲ್ಲೇ. ಒಂದು ವರದಿಯಲ್ಲಿ ಎಚ್‌ಸಿಎ ನಂಬಲಾರದಷ್ಟು ಹೆಚ್ಚಿತ್ತು. ಕೆದಕಿ ಕೇಳಿದಾಗ, ರೇಡಿಯೊ ಅಲೆಯ ಒಂದು ಪಲ್ಸ್‌ಗೂ (ತುಣುಕಿಗೂ) ಮುಂದಿನದಕ್ಕೂ ನಡುವೆ 2 ಸೆಕೆಂಡ್ ಮಾತ್ರ ಬಿಟ್ಟಿದ್ದರು. ಮ್ಯಾಲಿಯಿಕ್ ಆಮ್ಲ ಪ್ರತಿ ಪಲ್ಸ್ ಆದಮೇಲೆ ಸಾವಕಾಶವಾಗಿ ಸುಧಾರಿಸಿಕೊಳ್ಳುವಂಥದ್ದು. ಅವಸರ ಮಾಡಿದರೆ ಅದರ ಗೆರೆ ಕುಗ್ಗಿ, ನಮ್ಮ ಸರಕು ಸುಳ್ಳೇ ಹಿಗ್ಗುತ್ತದೆ. ಈಗ 60 ಸೆಕೆಂಡ್ ಬಿಡಿ ಎಂದು ಸ್ಯಾಂಪಲ್ ಚೀಟಿಯಲ್ಲೇ ಬರೆಯುತ್ತೇನೆ. ಬರೀ ಅಂಕಿ ಕಳಿಸಿದರೆ ಒಪ್ಪುವುದಿಲ್ಲ, ಸ್ಪೆಕ್ಟ್ರಮ್ ಹಾಳೆಯೂ ಬೇಕು.

ಪುಡಿಯನ್ನು ಕುದಿಸಬೇಡಿ, ಭಾರಜಲದಲ್ಲಿ (ಸಾಮಾನ್ಯ ಹೈಡ್ರೋಜನ್ ಬದಲು ಭಾರ ಹೈಡ್ರೋಜನ್ ಇರುವ ನೀರು) ತಣ್ಣಗೆ ನೆನೆಸಲು ಹೇಳಿ. ಆಷಾಢದಲ್ಲಿ ಪುಡಿ ತೇವ ಎಳೆದುಕೊಂಡರೆ 4.7 ಪಿಪಿಎಂ ಆಸುಪಾಸಿನಲ್ಲಿ ನೀರಿನ ಗುಡ್ಡವೇ ಎದ್ದು ಪಕ್ಕದ ಗೆರೆಗಳನ್ನು ನುಂಗುತ್ತದೆ. ಬಿಗಿ ಮುಚ್ಚಳದ ಬಾಟಲಿಯನ್ನು ಸಿಲಿಕಾ ಜೆಲ್ ಜೊತೆ ಡಬ್ಬದಲ್ಲಿಟ್ಟು ಕಳಿಸುವುದು ಒಳ್ಳೆಯದು.

ಹೋದ ವಾರ ಸಿಪ್ಪೆ ತಂದ ಅಜ್ಜನಿಗೆ ಹಾಳೆ ತೋರಿಸಿದೆ. ಕನ್ನಡಕ ಏರಿಸಿ, ಲ್ಯಾಕ್ಟೋನ್ ಗೆರೆಯ ಮೇಲೆ ಬೆರಳಿಟ್ಟು, “ಇದು ಸಣ್ಣ ಆಗ್ಬೇಕು ಅಂದ್ರೆ ಅಟ್ಟ ಎಷ್ಟು ಮೇಲೆ ಕಟ್ಬೇಕು?” ಎಂದು ಕೇಳಿದರು. ಈ ಸಲ ಒಂದೇ ಮರದ ಸಿಪ್ಪೆಯನ್ನು ಎರಡು ಎತ್ತರದಲ್ಲಿ ಒಣಗಿಸುತ್ತಿದ್ದೇವೆ.