ಗಡ್‌ಬಡ್: ಅಂಗಡಿಯಲ್ಲೇ ತಿನ್ನಿ, ಪಾರ್ಸೆಲ್ ಬೇಡ

ಮಂಗಳೂರು, ಉಡುಪಿಯ ಗಡ್‌ಬಡ್ ಐಸ್‌ಕ್ರೀಮಿಗೆ ಪೂರ್ತಿ ಅಂಕ, ಕೂತಲ್ಲೇ ತಿಂದರೆ ಮಾತ್ರ. ಎತ್ತರದ ಗಾಜಿನ ಲೋಟದಲ್ಲಿ ಜೆಲ್ಲಿ, ಹಣ್ಣಿನ ಹೋಳು, ಗೋಡಂಬಿ, ನಡುನಡುವೆ ಎರಡು ಮೂರು ಬಗೆಯ ಐಸ್‌ಕ್ರೀಮು. ಘನ, ದ್ರವ, ಅನಿಲ ಮೂರೂ ಇಲ್ಲಿವೆ: ಐಸಿನ ಹರಳು, ಹೆಪ್ಪುಗಟ್ಟದ ಸಕ್ಕರೆ ಪಾಕ, ಗಾಳಿಗುಳ್ಳೆ. −18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹರಳಿನೊಳಗಿನ ನೀರಿನ ಕಣಗಳು ನಿಂತಲ್ಲೇ ಕಂಪಿಸುತ್ತವೆ. ಬಿಸಿ ಏರಿದಂತೆ ಸಾಲು ಬಿಟ್ಟು ಜಾರತೊಡಗುತ್ತವೆ. −12ರ ಆಸುಪಾಸಿನಲ್ಲಿ ಚಮಚ ಸಲೀಸಾಗಿ ಇಳಿಯುವುದು ಅದಕ್ಕೇ. ಸ್ಟೀಲ್ ಕಪ್ಪು ಕೊಟ್ಟರೆ ಬೇಡವೆನ್ನಿ, ಕೈಯ ಶಾಖ ಬೇಗ ಒಳಗಿಳಿಯುತ್ತದೆ.

ಜೆಲ್ಲಿ ಯಾವುದೆಂದು ಕೇಳಿ. ಚೈನಾ ಗ್ರಾಸಿನದು ಸುಮಾರು 85 ಡಿಗ್ರಿವರೆಗೂ ಕರಗದು, ಜೆಲಟಿನ್ನಿನದು 35ರೊಳಗೇ ನೀರಾಗುತ್ತದೆ. ಕರಾವಳಿಯ ಏಪ್ರಿಲ್ ಸೆಕೆಗೆ ಮೊದಲನೆಯದೇ ಸರಿ.

ಪಾರ್ಸೆಲ್ ಕೆಡುವುದು ದಾರಿಯಲ್ಲಿ. ಸಣ್ಣ ಹರಳುಗಳು ಕರಗುತ್ತವೆ. ಮನೆಯ ಫ್ರೀಜರಿನಲ್ಲಿ ನಿಧಾನವಾಗಿ ಗಟ್ಟಿಯಾಗುವಾಗ ಆ ನೀರು ಉಳಿದ ಹರಳುಗಳಿಗೇ ಅಂಟಿ ಅವು ಬೆಳೆಯುತ್ತವೆ. 50 ಮೈಕ್ರಾನ್ (ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು) ದಾಟಿದರೆ ನಾಲಿಗೆಗೆ ಮರಳು ಮರಳು. ಹೋದ ಗಾಳಿಯನ್ನಂತೂ ಯಾವ ಫ್ರೀಜರೂ ಮರಳಿ ತುಂಬದು. ಒಯ್ಯಲೇಬೇಕಾದರೆ ಥರ್ಮೋಕೋಲ್ ಡಬ್ಬಿ, ಸುತ್ತಲೂ ಮೂರು ಪಾಲು ಪುಡಿ ಐಸಿಗೆ ಒಂದು ಪಾಲು ಉಪ್ಪು. ಬರೀ ಐಸು ಸಾಲದು, ಅದು 0 ಡಿಗ್ರಿಯಲ್ಲೇ ಕರಗುತ್ತದೆ.